ಕಾರು ತೊಳೆಯುವ ಮುನ್ನ ದೂಳನ್ನೂ ನೀರನ್ನೂ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಬಂತೆಂದರೆ ಕೋಲಾರದಲ್ಲಿ ಕಾರು ಇಟ್ಟುಕೊಂಡವರಿಗೆಲ್ಲ ಒಂದೇ ಗೋಳು. ಬೆಳಿಗ್ಗೆ ತೊಳೆದ ಕಾರು ಸಂಜೆಯ ಹೊತ್ತಿಗೆ ದೂಳು ಮೆತ್ತಿಕೊಂಡು ನಿಂತಿರುತ್ತದೆ. ಮನೆ ಮುಂದೆಯೇ ತೊಳೆಯುವುದೋ, ವಾಟರ್ ಸರ್ವಿಸ್‌ಗೆ ಬಿಡುವುದೋ, ಬೆಂಗಳೂರಿಗೆ ಹೋದಾಗ ಬ್ರಷ್ ತಿರುಗುವ ಯಂತ್ರದೊಳಗೆ ಒಮ್ಮೆ ತೂರಿಸಿಕೊಂಡು ಬರುವುದೋ ಎಂದು ಕೇಳುವವರು ಬಹಳ ಮಂದಿ. ಯಾವುದರಲ್ಲಿ ಹೊಳಪು ಹೆಚ್ಚು ಎಂದು ನೋಡಿ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ. ತೊಳೆದ ಅರ್ಧ ಗಂಟೆಗೆ ಮೂರೂ ಹೊಳೆಯುತ್ತವೆ. ನಮ್ಮ ಜಿಲ್ಲೆಯ ಮಟ್ಟಿಗೆ ನೋಡಬೇಕಾದದ್ದು, ಬಣ್ಣದ ಮೇಲೆ ಕೂತ ದೂಳು ಹೇಗೆ ಇಳಿಯುತ್ತದೆ ಮತ್ತು ಕೊನೆಗೆ ಯಾವ ನೀರು ಅದರ ಮೇಲೆ ಆರುತ್ತದೆ ಎಂಬುದನ್ನು.

ನಮ್ಮ ದೂಳು ಬರೀ ಕೆಂಪು ಮಣ್ಣಲ್ಲ. ಕ್ವಾರಿ, ಕ್ರಷರ್‌ಗಳ ಪುಡಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ಮಾಡಿದ ಮರಳು) ತುಂಬಿ ಟಾರ್ಪಾಲು ಹೊದಿಸದೆ ಓಡುವ ಟಿಪ್ಪರ್‌ಗಳಿಂದ ಉದುರುವ ಪುಡಿ ಎಲ್ಲವೂ ಅದರಲ್ಲಿ ಸೇರಿದೆ. ಗ್ರಾನೈಟ್ ಕಲ್ಲಿನಲ್ಲಿ ಬೆಣಚುಕಲ್ಲಿನ ಅಂಶ ಇರುತ್ತದೆ. ಗಟ್ಟಿತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7, ಮಾಮೂಲಿ ಗಾಜಿಗೆ ಸುಮಾರು 5.5. ಅಂದರೆ ಈ ಪುಡಿ ಗಾಜನ್ನೇ ಗೀರಬಲ್ಲದು. ಕಾರಿನ ಬಣ್ಣದ ಮೇಲಿರುವುದು ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ, ದಪ್ಪ ಸುಮಾರು 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪವೇ 70 ಮೈಕ್ರಾನ್ ಆಸುಪಾಸು ಇರುತ್ತದೆ. ಕೂದಲಿಗಿಂತ ತೆಳ್ಳಗಿನ ಈ ಪದರವೇ ಬಿಸಿಲಿನಿಂದ ಬಣ್ಣವನ್ನು ಕಾಯುವುದು. ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಪಾಲಿಶ್ ಮಾಡಿಸಿದರೆ ಹೊಸ ಪದರ ಬರುತ್ತದೆ ಎಂದು ನಂಬಿದವರಿದ್ದಾರೆ, ಅದು ನಿಜವಲ್ಲ. ಗೀರು ಕಾಣದಷ್ಟು ಮಟ್ಟಕ್ಕೆ ಸುತ್ತಲಿನ ಪದರವನ್ನೂ ಉಜ್ಜಿ ಇಳಿಸುವುದೇ ಪಾಲಿಶ್.

ಆದ್ದರಿಂದ ಕಾರಿಗೆ ಆಗುವ ದೊಡ್ಡ ಹಾನಿ ಈ ಮೂರು ವಿಧಾನಗಳಿಗಿಂತ ಹೆಚ್ಚಾಗಿ ದಿನಾ ಬೆಳಿಗ್ಗೆ ಒಣಬಟ್ಟೆ ಹಿಡಿದು ಒರೆಸುವುದರಿಂದ. ಹಳೇ ಬನಿಯನ್ನೋ ಕಾಟನ್ ವೇಸ್ಟೋ ಉದ್ದ ಹಿಡಿಯ ಡಸ್ಟರೋ, ಯಾವುದಾದರೂ ಒಂದೇ. ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕ ಬೆಣಚಿನ ಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅನುಮಾನವಿದ್ದರೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಬಾನೆಟ್ ಮೇಲೆ ಹಿಡಿದು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ವೃತ್ತಾಕಾರದ ಸಣ್ಣ ಗೀರುಗಳು ಕಂಡರೆ ಅದು ಒರೆಸಿದ್ದರ ಗುರುತು. ಕಪ್ಪು, ಕಡುನೀಲಿ ಕಾರುಗಳಲ್ಲಿ ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲೂ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನರಸಾಪುರ, ವೇಮಗಲ್ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಓಡುವ ಕ್ಯಾಬ್ ಚಾಲಕರು ದಿನಾ ಗಾಡಿ ಶುಭ್ರವಾಗಿ ಇಡಲೇಬೇಕು, ಅದು ಅವರ ಹೊಟ್ಟೆಪಾಡು. ಅಂಥವರು ಗಾಜು, ಕನ್ನಡಿ, ದೀಪ, ನಂಬರ್ ಪ್ಲೇಟಿಗೆ ಮಾತ್ರ ಒದ್ದೆಬಟ್ಟೆ ಬಳಸಿ, ಬಣ್ಣ ಬಳಿದ ಭಾಗವನ್ನು ನೀರು ಹಾಯಿಸುವ ದಿನದವರೆಗೆ ಮುಟ್ಟದೆ ಬಿಟ್ಟರೆ ಗಾಡಿ ಬಹುಕಾಲ ಹೊಸದರಂತಿರುತ್ತದೆ. ಒಣ ಗಾಜಿನ ಮೇಲೆ ವೈಪರ್ ಓಡಿಸುವುದೂ ಇದೇ ತಪ್ಪು. ಮೊದಲು ವಾಷರ್ ನೀರು ಚಿಮ್ಮಿಸಿ, ಆಮೇಲೆ ವೈಪರ್.

ಇನ್ನು ನೀರು. ನಮ್ಮಲ್ಲಿ ಎಷ್ಟೋ ಮನೆಗಳ ಸಂಪಿಗೆ ಬೀಳುವುದು ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು ಅಥವಾ ಅಂಥದೇ ನೀರು ತುಂಬಿ ಬರುವ ಟ್ಯಾಂಕರ್. ಗೀಸರ್ ಕಾಯಿಲ್ ಮೇಲೆ, ನಲ್ಲಿಯ ತುದಿಯಲ್ಲಿ, ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಕರಣೆಯೇ ಕಾರಿನ ಮೇಲೂ ಕಟ್ಟುವುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ (ಸುಣ್ಣದಂಥ ಲವಣಗಳ ಅಂಶ) ಒಪ್ಪಬಹುದಾದ ಮಟ್ಟ, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ಕರಗಿದ ಲವಣ ಒಟ್ಟು ಸಾವಿರ ಮಿಲಿಗ್ರಾಂ ಇರುವ ನೀರನ್ನೇ ತೆಗೆದುಕೊಳ್ಳಿ. ತೊಳೆದ ಕಾರಿನ ಮೇಲೆ ಒಂದು ಲೀಟರಿನಷ್ಟು ನೀರು ಹನಿಹನಿಯಾಗಿ ಉಳಿದು ಅಲ್ಲೇ ಆರಿದರೆ ಒಂದು ಗ್ರಾಂ ಉಪ್ಪು ಬಣ್ಣದ ಮೇಲೆ ಕೂತಂತೆ. ಬಿಸಿಲಿಗೆ ಕಾದ ಬಾನೆಟ್ ಮೇಲೆ ಅದು ಉಂಗುರದಂತಹ ಬಿಳಿ ಕಲೆಯಾಗಿ ಅಚ್ಚೊತ್ತುತ್ತದೆ. ವಾರಕ್ಕೊಮ್ಮೆ ಹೀಗಾದರೆ ಕೆಲವೇ ತಿಂಗಳಲ್ಲಿ ಗಾಜಿನ ಮೇಲೆ ರಾತ್ರಿ ಎದುರು ಗಾಡಿಯ ಬೆಳಕು ಚದುರತೊಡಗುತ್ತದೆ, ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ. ಇದು ಹೊಳಪಿನ ಮಾತಲ್ಲ, ಸುರಕ್ಷತೆಯ ಮಾತು.

ಹೊಸ ಕಲೆಗೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹೊದಿಸಿ, ಮೆಲ್ಲಗೆ ಒರೆಸಿ, ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ನೆರಳಿನಲ್ಲಿ, ತಣ್ಣಗಿರುವ ಲೋಹದ ಮೇಲೆ ಮಾತ್ರ. ಸುಣ್ಣದ ಕರಣೆ ಇದಕ್ಕೆ ಕರಗುತ್ತದೆ. ಸಿಲಿಕಾ ಕರಣೆ ಕರಗುವುದಿಲ್ಲ, ಅದಕ್ಕೆ ಪಾಲಿಶ್ ಒಂದೇ ದಾರಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅಲಾಯ್ ಚಕ್ರ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ, ಅದು ಲೋಹವನ್ನೇ ತಿನ್ನುತ್ತದೆ.

ಮನೆಯಲ್ಲಿ ತೊಳೆಯಲು ಜಾಗ, ನೆರಳು, ಮುಕ್ಕಾಲು ಗಂಟೆ ಬಿಡುವು ಇದ್ದರೆ ಮೂರರಲ್ಲಿ ಅದೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಪೈಪು ಹಿಡಿದಲ್ಲ. ಅರ್ಧ ಇಂಚಿನ ಪೈಪಿನಲ್ಲಿ ನಿಮಿಷಕ್ಕೆ ಹತ್ತರಿಂದ ಹದಿನೈದು ಲೀಟರ್ ಹೋಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಇನ್ನೂರರಿಂದ ಮುನ್ನೂರು ಲೀಟರ್ ಬೀದಿಗೆ. ಅದೇ ಕೆಲಸ ಐವತ್ತು, ಐವತ್ತೈದು ಲೀಟರಿನಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ. ಅದಕ್ಕೆ ಬೇಕಾದ ಒಳ್ಳೆಯ ಸಲಕರಣೆ ನಮ್ಮ ರೈತರ ಕೈಯಲ್ಲೇ ಇದೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ಅದು. ನಿಮಿಷಕ್ಕೆ ಎರಡು ಮೂರು ಲೀಟರ್ ಮಾತ್ರ ಬಿಡುತ್ತದೆ, ಒತ್ತಡ ಹದವಾಗಿರುತ್ತದೆ, ಬೀಸಣಿಗೆಯಂತೆ ಹರಡುತ್ತದೆ. ಆದರೆ ಕಾರಿಗೆಂದೇ ಹೊಸದೊಂದನ್ನು ಇಟ್ಟುಕೊಳ್ಳಬೇಕು. ಕಳೆನಾಶಕವೋ ಕೀಟನಾಶಕವೋ ತುಂಬಿದ್ದ ಟ್ಯಾಂಕನ್ನು ಎಷ್ಟು ತೊಳೆದರೂ ಉಳಿಕೆ ಇರುತ್ತದೆ, ಆ ನೀರು ಅಂಗಳದಲ್ಲಿ ಆಡುವ ಮಕ್ಕಳ ಕಾಲಿಗೆ ತಾಗುತ್ತದೆ.

ಕ್ರಮ ಹೀಗೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಇಳಿದ ಮೇಲೆ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಕಾಯಿರಿ. ದೂರದಿಂದ ಓಡಿಸಿಕೊಂಡು ಬಂದಿದ್ದರೆ ಬ್ರೇಕ್ ಡಿಸ್ಕ್ ಆರಲು ಕನಿಷ್ಠ ಇಪ್ಪತ್ತು ನಿಮಿಷ ಬಿಡಿ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಾಗುವ ಅಪಾಯವಿದೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಅದುರುತ್ತದೆ. ಮೊದಲು ಚಕ್ರ ತೊಳೆಯಬೇಕು, ಅದಕ್ಕೆ ಬೇರೆ ಬಕೀಟು, ಬೇರೆ ಬ್ರಷ್. ಚಕ್ರದ ಮೇಲಿನ ಕಪ್ಪು ಪುಡಿಯಲ್ಲಿ ಬ್ರೇಕ್ ಪ್ಯಾಡಿನ ಲೋಹದ ಚೂರು ಇರುತ್ತದೆ, ಆ ಬಟ್ಟೆ ಬಾಡಿಗೆ ತಾಗಲೇಬಾರದು. ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಹೆಪ್ಪುಗಟ್ಟಿದ ಕೆಂಪು ಮಣ್ಣನ್ನು ಕಿತ್ತು ತೆಗೆಯಿರಿ. ಆ ಮುದ್ದೆ ವಾರಗಟ್ಟಲೆ ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ.

ಆಮೇಲೆ ಸ್ಪ್ರೇಯರಿನಲ್ಲಿ ಹತ್ತು ಲೀಟರ್ ಬರೀ ನೀರು, ಮೇಲ್ಛಾವಣಿಯಿಂದ ಕೆಳಕ್ಕೆ. ಇಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ, ಆದರೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಒಮ್ಮೆ ಪೂರ್ತಿ ಒದ್ದೆ ಮಾಡಿ, ಎರಡು ನಿಮಿಷ ಬಿಟ್ಟು, ಮತ್ತೊಮ್ಮೆ ಹಾಯಿಸಿ. ಒಣಗಿ ಅಂಟಿದ ಮಣ್ಣು ನೀರು ಕುಡಿದು ಉಬ್ಬಿದ ಮೇಲೆ ತಾನಾಗಿ ಜಾರುತ್ತದೆ. ಕೆಂಪು ನೀರು ಇಳಿಯುವುದು ನಿಂತು ತಿಳಿನೀರು ಇಳಿಯುವವರೆಗೆ ಬಟ್ಟೆ ಮುಟ್ಟಿಸಬಾರದು.

ಈಗ ಎರಡು ಬಕೀಟು. ಒಂದರಲ್ಲಿ ಹತ್ತು ಲೀಟರ್ ನೀರಿಗೆ ಕಾರ್ ಶಾಂಪೂ 10ರಿಂದ 15 ಮಿಲಿಲೀಟರ್, ಎಂದರೆ ಎರಡು ಮೂರು ಟೀ ಚಮಚ. ಬಾಟಲಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಗಡಸು ನೀರಿನಲ್ಲಿ ನೊರೆ ಕಡಿಮೆ ಬರುತ್ತದೆ, ಹಾಗೆಂದು ಮತ್ತೆ ಮತ್ತೆ ಸುರಿಯಬೇಡಿ, ತೊಳೆಯಲು ನೀರು ದುಪ್ಪಟ್ಟು ಬೇಕಾಗುತ್ತದೆ. ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಛಾವಣಿ, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಡಿಕ್ಕಿ, ಆಮೇಲೆ ಬಾಗಿಲಿನ ಕೆಳಗರ್ಧ, ಕೊನೆಗೆ ಬಂಪರ್. ಕೆಳಗಿನ ಭಾಗದಲ್ಲೇ ಹೆಚ್ಚು ಕಲ್ಲುಪುಡಿ ಇರುವುದರಿಂದ ಅದು ಕೊನೆಗೆ. ಒತ್ತಬಾರದು, ಕೈಗವಸಿನ ತೂಕವೇ ಸಾಕು. ಸುತ್ತಿ ಸುತ್ತಿ ಉಜ್ಜದೆ ನೇರ ಗೆರೆಯಲ್ಲಿ ಎಳೆಯಿರಿ. ಅರ್ಧ ಬಾಗಿಲು ಮುಗಿದ ಕೂಡಲೇ ಬರೀ ನೀರಿನ ಬಕೀಟಿನಲ್ಲಿ ಕೈಗವಸು ಜಾಲಿಸಿ, ಹಿಂಡಿ, ಮತ್ತೆ ಶಾಂಪೂ. ಮುಗಿದ ಮೇಲೆ ಆ ಎರಡನೇ ಬಕೀಟನ್ನು ಅಲ್ಲಾಡಿಸದೆ ಐದು ನಿಮಿಷ ಬಿಟ್ಟು ನೀರನ್ನು ಮೆಲ್ಲಗೆ ಬಗ್ಗಿಸಿ. ತಳದಲ್ಲಿ ನಯವಾದ ಕೆಸರಿನ ನಡುವೆ ಬೆರಳಿಗೆ ಚುಚ್ಚುವ ಮಿನುಗುವ ಹರಳುಗಳು ಸಿಗುತ್ತವೆ. ಒಂದೇ ಬಕೀಟಾಗಿದ್ದರೆ ಅಷ್ಟೂ ಮತ್ತೆ ಬಣ್ಣದ ಮೇಲೆ ಹೋಗುತ್ತಿತ್ತು.

ಕೊನೆಯ ನೀರು ಹದಿನಾರು ಲೀಟರ್. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನು ಇದಕ್ಕೇ ಮೀಸಲಿಡಿ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ, ಕಲೆ ಬೀಳುವುದಿಲ್ಲ. ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಕಾರಿಗೆ ಹಾಕುವವರ ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತ ಲವಣ ಹೆಚ್ಚಾಗಿ ಸೇರಿರುತ್ತದೆ. ಚಕ್ರಕ್ಕೆ, ಮೊದಲ ಸಲ ಮಣ್ಣು ನೆನೆಸಲು ಬಳಸಿ. ಕೊನೆಗೆ ಮಾತ್ರ ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಲವಣವಿಲ್ಲದ್ದು, ಗಾಜು ಒರೆಸಲು ಬಹಳ ಚೆನ್ನ.

ನೀರು ಹಾಕಿದ್ದಾಯಿತು ಎಂದು ಬಿಸಿಲಿಗೆ ಬಿಟ್ಟರೆ ಅಷ್ಟೂ ಶ್ರಮ ದಂಡ. ಕೂಡಲೇ ಒಣ ಮೈಕ್ರೋಫೈಬರ್ ಟವೆಲನ್ನು ಬಾನೆಟ್ ಮೇಲೆ ಹಾಸಿ ಮೆಲ್ಲಗೆ ಎಳೆದು ನೀರು ಹೀರಿಸಿ. ಟವೆಲ್ ಕೆಳಗೆ ಬಿದ್ದರೆ ಒಗೆಯುವವರೆಗೆ ಮತ್ತೆ ಬಳಸಬೇಡಿ. ಈ ಬಟ್ಟೆಗಳನ್ನು ಮನೆ ಬಟ್ಟೆಯ ಜೊತೆ ಒಗೆಯಬಾರದು, ಮೃದು ಮಾಡುವ ಕಂಫರ್ಟಿನಂಥ ದ್ರವ ಹಾಕಬಾರದು, ಎಳೆ ಮುಚ್ಚಿಹೋಗಿ ಹೀರುವ ಗುಣ ಹೋಗುತ್ತದೆ. ಬಾಗಿಲು ತೆರೆದು ಅಂಚು ಒರೆಸಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲೆಂದು ಬಿಟ್ಟ ಸಣ್ಣ ತೂತುಗಳಿರುತ್ತವೆ, ಮಣ್ಣು ಕಟ್ಟಿದ್ದರೆ ಪೊರಕೆ ಕಡ್ಡಿಯಿಂದ ಬಿಡಿಸಿ. ಬಾಗಿಲು ಅಲುಗಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಆ ತೂತು ಕಟ್ಟಿದೆ ಎಂದೇ ಅರ್ಥ. ಗಾಡಿ ತೆಗೆದ ಕೂಡಲೇ ನಿಧಾನ ವೇಗದಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕಿನ ನೀರು ಆರಿಸಿಕೊಳ್ಳಿ.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ಸೋಪು ಬೇಡವೇ ಬೇಡ. ಬಟ್ಟೆ ಪುಡಿ ಕ್ಷಾರ ಹೆಚ್ಚಿರುವ ವಸ್ತು. ಮೇಣದ ಲೇಪ ಕಿತ್ತುಹೋಗುತ್ತದೆ, ಗಾಜಿನ ಸುತ್ತಲಿನ ರಬ್ಬರ್ ಬೆಳ್ಳಗಾಗಿ ಸೀಳುತ್ತದೆ.

ವಾಟರ್ ಸರ್ವಿಸ್ ಕೇಂದ್ರಗಳಿಗೆ ಹೋಗಲೇಬೇಕಾದ ಸಂದರ್ಭಗಳಿವೆ. ಮಳೆಗಾಲದಲ್ಲಿ ಹಳ್ಳಿ ರಸ್ತೆ ಸುತ್ತಿ ಬಂದ ಗಾಡಿಯ ತಳಭಾಗ ಲಿಫ್ಟ್ ಮೇಲೆ ಏರಿಸದೆ ಶುಚಿಯಾಗುವುದಿಲ್ಲ. ಎರಡು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲೆ ತಪ್ಪದೆ ಒಮ್ಮೆ ತಳ ತೊಳೆಸುವುದು ಒಳ್ಳೆಯದು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದು ರಸ್ತೆಬದಿ ಕಾರು ನಿಲ್ಲಿಸುವವರಿಗಂತೂ ಬೇರೆ ದಾರಿಯಿಲ್ಲ. ಕೆಲಸ ಬಲ್ಲ ಹುಡುಗರು ನಮ್ಮ ಊರಿನ ಕೇಂದ್ರಗಳಲ್ಲಿ ಇದ್ದಾರೆ. ಬಿಸಿಲಲ್ಲಿ, ಇಡೀ ದಿನ ಒದ್ದೆ ಕಾಲಿನಲ್ಲಿ ನಿಂತು ದುಡಿಯುವ ಅವರಿಗೆ ಮಾಲೀಕರು ಗಂಬೂಟು, ಕೈಗವಸು ಕೊಡಿಸಬೇಕು. ಕೆಲಸ ಕೆಡುವುದು ಹೆಚ್ಚಾಗಿ ಗಿರಾಕಿಯ ಅವಸರದಿಂದ ಮತ್ತು ಒಂದೇ ಬಟ್ಟೆ ಇಡೀ ದಿನ ಹತ್ತು ಗಾಡಿಗೆ ಓಡುವುದರಿಂದ.

ಗಾಡಿ ಒಪ್ಪಿಸುವಾಗ ಐದು ನಿಮಿಷ ನಿಂತು ನೋಡಿದರೆ ಸಾಕು. ಚಕ್ರಕ್ಕೆ ಬಳಸಿದ ಸ್ಪಂಜೇ ಬಾನೆಟ್ಟಿಗೂ ಹೋಗುತ್ತಿದೆಯೇ? ಒತ್ತಡದಲ್ಲಿ ನೀರು ಹೊಡೆಯುವ ಗನ್ನಿನ ತುದಿ ಬಾಡಿಯಿಂದ ಒಂದು ಅಡಿ ದೂರ ಇದೆಯೇ? ಹತ್ತಿರ ಹಿಡಿದರೆ ಕಲ್ಲೇಟು ಬಿದ್ದು ಬಣ್ಣ ಎದ್ದಿರುವ ಜಾಗದಲ್ಲಿ ನೀರು ಅಡಿಗೆ ಹೊಕ್ಕು ಚಕ್ಕೆಯೇ ಹಾರುತ್ತದೆ. ಟಯರಿನ ಪಕ್ಕೆಗೆ ಸೂಜಿಯಂಥ ನೇರ ಧಾರೆ ಹಿಡಿಯಬಾರದು. ಹೊಸದಾಗಿ ಪೇಂಟ್ ಮಾಡಿಸಿದ ಬಂಪರ್, ಬಾಗಿಲು ಇದ್ದರೆ ಒಂದು ತಿಂಗಳು ಗನ್ನಿಂದ ದೂರವಿಡಿ. ನೊರೆ ಹಾಕುವ ಮುನ್ನ ಮಣ್ಣು ಇಳಿಸಿದ್ದಾರೆಯೇ ಎಂಬುದನ್ನೂ ನೋಡಿ. ದಪ್ಪ ನೊರೆ ಕಣ್ಣಿಗೆ ಚೆಂದ, ಅದರಡಿಯ ಮಣ್ಣು ಹಾಗೇ ಇದ್ದರೆ ಸ್ಪಂಜಿನಿಂದ ಉಜ್ಜಿದಂತೆಲ್ಲ ಗೀರೇ.

ಇದಕ್ಕಿಂತ ಮುಖ್ಯವಾಗಿ, ತಳಭಾಗಕ್ಕೆ ಡೀಸೆಲ್ಲೋ ಸೀಮೆಎಣ್ಣೆಯೋ ಸುಟ್ಟ ಎಂಜಿನ್ ಆಯಿಲ್ಲೋ ಸಿಂಪಡಿಸುವುದನ್ನು ಬೇಡವೆಂದು ಮೊದಲೇ ಹೇಳಿ. ತುಕ್ಕು ಹಿಡಿಯುವುದಿಲ್ಲ, ಕಿರುಗುಟ್ಟುವುದಿಲ್ಲ ಎಂಬ ನಂಬಿಕೆಯಿಂದ ಹಳೇ ಲಾರಿಗಳ ಕಾಲದಿಂದ ಬಂದ ರೂಢಿ ಇದು. ಈಗಿನ ಕಾರುಗಳ ಸಸ್ಪೆನ್ಷನ್ನಿನಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಡೀಸೆಲ್ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗಿ ಸೀಳುತ್ತದೆ. ಆ ಎಣ್ಣೆ ಬ್ರೇಕ್ ಡಿಸ್ಕಿಗೆ ಹಾರಿದರೆ ಬ್ರೇಕ್ ಹಿಡಿಯುವುದಿಲ್ಲ. ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಬಿದ್ದರೆ ಹೊಗೆ, ಬೆಂಕಿಯ ಭಯ. ಜಿಡ್ಡಿಗೆ ನಮ್ಮ ರಸ್ತೆಯ ದೂಳು ಮೆತ್ತಿ ವಾರದೊಳಗೆ ಕಪ್ಪು ಹಲ್ವದಂತೆ ಗಟ್ಟಿಯಾಗುತ್ತದೆ. ತಳಕ್ಕೆ ರಕ್ಷಣೆ ಬೇಕೆಂದರೆ ಆ ಕೆಲಸಕ್ಕೆಂದೇ ಮಾಡಿದ ಆಂಟಿ ರಸ್ಟ್ ಲೇಪ ಬೇರೆ ಇದೆ, ಅದನ್ನು ಒಣಗಿದ ತಳಕ್ಕೆ ಹೊಡೆಸಿ. ಹಾಗೆಯೇ ಟಯರ್ ಪಾಲಿಶ್ ಪಕ್ಕೆಗೆ ಮಾತ್ರ, ನೆಲ ಮುಟ್ಟುವ ಭಾಗಕ್ಕೆ ತಾಗಿದರೆ ಜಾರುತ್ತದೆ. ಸ್ಟೀರಿಂಗ್, ಪೆಡಲ್ ಮೇಲೆ ಡ್ಯಾಶ್‌ಬೋರ್ಡ್ ಪಾಲಿಶ್ ಬಿದ್ದಿದ್ದರೆ ಅಲ್ಲೇ ಒರೆಸಿಸಿ.

ಬಾನೆಟ್ ಎತ್ತಿ ಎಂಜಿನ್ ಮೇಲೆ ಗನ್ ಬಿಡಿಸುವುದೂ ಬೇಡ. ಆಲ್ಟರ್ನೇಟರ್, ಸೆನ್ಸರ್ ವೈರಿಂಗಿನ ಕನೆಕ್ಟರ್, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್ ಕೂತ ಗುಳಿ, ಎಲ್ಲೆಲ್ಲೋ ನೀರು ನಿಲ್ಲುತ್ತದೆ. ಮರುದಿನ ಗಾಡಿ ಮಿಸ್ ಹೊಡೆಯುವುದಕ್ಕೆ, ಚೆಕ್ ಎಂಜಿನ್ ದೀಪ ಹತ್ತುವುದಕ್ಕೆ ಇದೇ ಕಾರಣ. ತಣ್ಣಗಿನ ಎಂಜಿನ್ನನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುಂದಿನ ಗಾಜಿನ ಬುಡದಲ್ಲಿ ಕಟ್ಟುವ ಹೊಂಗೆ, ಬೇವಿನ ಎಲೆ ತೆಗೆದರೆ ಮಳೆನೀರು ಒಳಗೆ ಸೋರುವುದು ತಪ್ಪುತ್ತದೆ. ಎಲೆಕ್ಟ್ರಿಕ್ ಕಾರಾದರೆ ಚಾರ್ಜಿಗೆ ಹಾಕಿರುವಾಗ ತೊಳೆಯಬಾರದು. ಚಾರ್ಜಿಂಗ್ ಮುಚ್ಚಳ ಭದ್ರವಾಗಿರಲಿ, ತಳದ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಗನ್ ಹಿಡಿಯದಿರಲಿ.

ಇನ್ನು ಆಟೋಮ್ಯಾಟಿಕ್. ಬೋರ್ಡಿನ ಮೇಲೆ ಆ ಪದ ಕಂಡಲ್ಲೆಲ್ಲ ಯಂತ್ರ ಇರುವುದಿಲ್ಲ, ಬಹಳ ಕಡೆ ಇರುವುದು ಲಿಫ್ಟ್, ಗನ್ ಮತ್ತು ನೊರೆ ಯಂತ್ರ ಮಾತ್ರ. ನಿಜವಾದ ಯಂತ್ರ ಎರಡು ಬಗೆ. ಕಾರು ನಿಂತಿದ್ದು ಕಮಾನಿನಂಥ ಯಂತ್ರ ಹಿಂದೆ ಮುಂದೆ ಓಡುವುದು ಒಂದು, ಪಟ್ಟಿ ಕಾರನ್ನೇ ಎಳೆದುಕೊಂಡು ಸುರಂಗದೊಳಗೆ ಸಾಗಿಸುವುದು ಇನ್ನೊಂದು. ಐದಾರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಬಳಸಿದ ನೀರನ್ನು ಸೋಸಿ ಮತ್ತೆ ಬಳಸುವ ಘಟಕ ಇದ್ದರೆ ಒಂದು ಕಾರಿಗೆ ಖರ್ಚಾಗುವ ಹೊಸ ನೀರು ಗನ್ನಿನಲ್ಲಿ ತೊಳೆಯುವುದಕ್ಕಿಂತ ಎಷ್ಟೋ ಕಡಿಮೆ. ಇದು ಅದರ ದೊಡ್ಡ ಗುಣ, ನೀರಿಲ್ಲದ ಜಿಲ್ಲೆಯವರು ಇದನ್ನು ಮೆಚ್ಚಲೇಬೇಕು.

ಆದರೆ ಬ್ರಷ್ ಯಂತ್ರಕ್ಕೆ ನಮ್ಮ ಕಲ್ಲುಪುಡಿ ಗೊತ್ತಾಗುವುದಿಲ್ಲ. ಹಿಂದಿನ ಗಾಡಿಯ ಮಣ್ಣು ಬ್ರಷ್ಷಿನಲ್ಲಿ ಸಿಕ್ಕಿದ್ದರೆ ಅದನ್ನೇ ಮುಂದಿನ ಗಾಡಿಗೆ ಬಾರಿಸುತ್ತದೆ. ಹಳೇ ನೈಲಾನ್ ಕೂದಲಿನ ಬ್ರಷ್ ಇದ್ದರೆ ವಾಪಸ್ ಬನ್ನಿ. ಸ್ಪಂಜಿನಂಥ ಫೋಮ್ ಪಟ್ಟಿಯಾದರೆ ಕಡಿಮೆ ಹಾನಿ, ಅದೂ ಬ್ರಷ್ ಇಳಿಯುವ ಮುನ್ನ ಯಾರಾದರೂ ಗನ್ನಿಂದ ಮಣ್ಣು ಇಳಿಸಿ ಕಳಿಸಿದರೆ ಮಾತ್ರ. ಬ್ರಷ್ಷೇ ಇಲ್ಲದ ಟಚ್‌ಲೆಸ್ ಯಂತ್ರದಲ್ಲಿ ಗೀರು ಬೀಳುವುದಿಲ್ಲ. ಉಜ್ಜುವ ಕೆಲಸವನ್ನು ಅಲ್ಲಿ ತೀಕ್ಷ್ಣ ರಾಸಾಯನಿಕ ಮಾಡುತ್ತದೆ, ಹಾಗಾಗಿ ಮೇಣದ ಲೇಪ ಬೇಗ ಹೋಗುತ್ತದೆ, ಅಂಟಿದ ತೆಳು ಪೊರೆ ಪೂರ್ತಿ ಬಿಡುವುದಿಲ್ಲ. ಯಾವುದೇ ಯಂತ್ರವಾಗಲಿ, ಕೊನೆಯ ನೀರು ಲವಣ ತೆಗೆದದ್ದೋ ಅಲ್ಲವೋ ಎಂದು ಕೇಳಿ. ಸೋಸಿದ ಹಳೇ ನೀರನ್ನೇ ಕೊನೆಗೂ ಹಾಕಿದರೆ ಬಿಳಿ ಕಲೆ ಖಂಡಿತ. ಒಳಗೆ ಹೋಗುವ ಮುನ್ನ ಕನ್ನಡಿ ಮಡಚಿ, ಬಿಚ್ಚಲು ಬರುವ ಆಂಟೆನಾ ಬಿಚ್ಚಿ. ಮಳೆ ಬಿದ್ದರೆ ತಾನೇ ಓಡುವ ವೈಪರ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಬ್ರಷ್ಷಿಗೆ ಸಿಕ್ಕಿ ಮುರಿಯುತ್ತದೆ. ಪಟ್ಟಿ ಎಳೆಯುವ ಸುರಂಗವಾದರೆ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಸಡಿಲ ಬಂಪರ್, ಛಾವಣಿ ಮೇಲೆ ಕ್ಯಾರಿಯರ್ ಇರುವ ಗಾಡಿ ಒಳಗೆ ಹೋಗಲೇಬಾರದು.

ಹೆದ್ದಾರಿಯಲ್ಲೇ ಓಡುವ, ಮೇಲೆ ಹಗುರ ದೂಳು ಮಾತ್ರ ಇರುವ, ನಾಲ್ಕೈದು ವರ್ಷದಲ್ಲಿ ಮಾರುವ ಗಾಡಿಗೆ ಫೋಮ್ ಯಂತ್ರ ನಡೆಯುತ್ತದೆ. ಕಡುಬಣ್ಣದ, ಹೊಸ, ಮನೆಯಲ್ಲೇ ಹತ್ತು ವರ್ಷ ಉಳಿಯಬೇಕಾದ ಕಾರಿಗೆ ಬೇಡ. ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೇನೆ, ಹೇಗೆ ತೊಳೆದರೂ ಏನೂ ಆಗದು ಎನ್ನುವವರು ಒಂದು ವಿಷಯ ಗಮನಿಸಬೇಕು. ಆ ಲೇಪದಿಂದ ಮಣ್ಣು ಸುಲಭವಾಗಿ ಜಾರುತ್ತದೆ, ನಿಜ. ಆದರೆ ಬೆಣಚಿನ ಪುಡಿ ಇಟ್ಟು ಉಜ್ಜಿದರೆ ಅದೂ ಗೀರುತ್ತದೆ, ಗಡಸು ನೀರು ಆರಿದರೆ ಅದರ ಮೇಲೂ ಉಂಗುರ ಕಟ್ಟುತ್ತದೆ.

ತೊಳೆಯುವ ಸರದಿಗೆ ಕಾಯಬಾರದ ಕಲೆಗಳೂ ಇವೆ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಒಂದೇ ದಿನದಲ್ಲಿ ಬಣ್ಣಕ್ಕೆ ಇಳಿಯಬಹುದು. ಕೆರೆದು ತೆಗೆಯಬೇಡಿ. ಒದ್ದೆಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟು, ಎತ್ತಿಕೊಳ್ಳುವಂತೆ ತೆಗೆಯಿರಿ. ಹೊಂಗೆ ಮರದ ಕೆಳಗೆ ನಿಲ್ಲಿಸಿದಾಗ ಬೀಳುವ ಅಂಟು ಹನಿಗೂ ಇದೇ ಉಪಾಯ. ಸೀಸನ್ನಿನಲ್ಲಿ ಎಪಿಎಂಸಿ ದಾರಿಯಲ್ಲಿ ಕೊಳೆತ ಟೊಮೆಟೊ ರಸ ಚಕ್ರದಿಂದ ಬಾಗಿಲಿಗೆ ಸಿಡಿಯುತ್ತದೆ, ಅದೂ ಹುಳಿಯೇ, ಆ ದಿನವೇ ನೀರು ಹಾಕಿ. ಆಯುಧಪೂಜೆಯಲ್ಲಿ ಬಾನೆಟ್ಟಿಗೆ ಇಡುವ ಅರಿಸಿನ ಕುಂಕುಮ ವಾರಗಟ್ಟಲೆ ಇದ್ದರೆ ಬಿಳಿ ಕಾರಿನಲ್ಲಿ ಕೆಂಪು ನೆರಳು ಉಳಿದುಬಿಡುತ್ತದೆ. ಪೂಜೆಗೆ ಕೊರತೆಯಾಗದಂತೆ ಗಾಜಿನ ಮೇಲೆ, ನಂಬರ್ ಪ್ಲೇಟಿನ ಚೌಕಟ್ಟಿನ ಮೇಲೆ ಇಟ್ಟರೆ ಒಳಿತು.

ನೀರಿನ ಬಗ್ಗೆ ಒಂದು ಮಾತು ಹೇಳದೆ ಈ ಪತ್ರ ಮುಗಿಸಲಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ನದಿಯ ನೀರು ಬರುವ ನಗರದ ಸ್ಥಿತಿಯೇ ಅದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬರುತ್ತಿರುವುದು ಅದೇ ಬೆಂಗಳೂರು ಬಳಸಿ ಬಿಟ್ಟು, ಸಂಸ್ಕರಿಸಿದ ನೀರು. ಲಕ್ಷ್ಮೀಸಾಗರ ಕೆರೆಯಿಂದ ಮೊದಲಾಗಿ ಒಂದೊಂದೇ ಕೆರೆ ತುಂಬಿ, ಭೂಮಿಗೆ ಇಂಗಿ, ಬತ್ತಿದ ಕೊಳವೆಬಾವಿಗಳಿಗೆ ಜೀವ ಬರಲಿ ಎಂಬುದು ಅದರ ಉದ್ದೇಶ. ಹಾಗೆ ಇಂಗಿದ ನೀರನ್ನು ಮತ್ತೆ ಸಾವಿರ ಅಡಿಯಿಂದ ಎತ್ತಿ ಒಂದು ಕಾರಿಗೆ ಮುನ್ನೂರು ಲೀಟರ್ ಚರಂಡಿಗೆ ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಚರಂಡಿ ರಾಜಕಾಲುವೆ ಸೇರಿ ಕೊನೆಗೆ ಕೆರೆಗೇ ಹೋಗುತ್ತದೆ, ಡೀಸೆಲ್, ಗ್ರೀಸ್, ಶಾಂಪೂ ಸಮೇತ.

ಕೇಂದ್ರಗಳಿಗೆ ಪರವಾನಗಿ ಕೊಡುವಾಗ ನಗರಸಭೆಯವರು ಮೂರು ಅಂಕಣದ ತೊಟ್ಟಿ ಕಟ್ಟಿಸುವಂತೆ ಮಾಡಲಿ. ಮೊದಲ ಅಂಕಣದಲ್ಲಿ ಮಣ್ಣು ತಳ ಸೇರುತ್ತದೆ. ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ. ಬಗ್ಗಿಸಿದ ಪೈಪಿನ ಮೂಲಕ ಕೆಳಗಿನ ತಿಳಿನೀರು ಮಾತ್ರ ಮೂರನೆಯದಕ್ಕೆ ಬರುತ್ತದೆ, ಅದನ್ನೇ ಮತ್ತೆ ಚಕ್ರಕ್ಕೆ, ತಳಭಾಗಕ್ಕೆ ಬಳಸಬಹುದು. ಮೇಲೆ ನಿಂತ ಎಣ್ಣೆಯನ್ನು ವಾರಕ್ಕೊಮ್ಮೆ ತೆಗೆದು ಹಳೇ ಆಯಿಲ್ ಕೊಳ್ಳುವ ಅಧಿಕೃತರಿಗೆ ಕೊಡಬೇಕು, ಮೊದಲ ಅಂಕಣದ ಕೆಸರು ಎತ್ತಬೇಕು. ಇಲ್ಲದಿದ್ದರೆ ತೊಟ್ಟಿ ತುಂಬಿ ಮೊದಲಿನ ಕಥೆಯೇ ಆಗುತ್ತದೆ. ಕೇಂದ್ರದ ಮಾಲೀಕರು ಬೋರ್ಡಿನ ಮೇಲೆ ಬರೀ ಆಟೋಮ್ಯಾಟಿಕ್ ಎಂದು ಬರೆಸುವ ಬದಲು, ಬ್ರಷ್ಷೋ ಕೈಯೋ, ಒಂದು ಕಾರಿಗೆ ಎಷ್ಟು ಲೀಟರ್, ಕೊನೆಯ ನೀರು ಯಾವುದು, ಡೀಸೆಲ್ ಹೊಡೆಯುತ್ತಾರೋ ಇಲ್ಲವೋ, ಇಷ್ಟನ್ನು ಬರೆಸಿದರೆ ಗಿರಾಕಿ ತನಗೆ ಬೇಕಾದ್ದನ್ನು ನೋಡಿ ಆರಿಸಿಕೊಳ್ಳುತ್ತಾನೆ.

ಇಂತಿ,
ವಾಹನ ದುರಸ್ತಿ ಕಸುಬಿನ ಒಬ್ಬ ಓದುಗ,
ಕೋಲಾರ